ಕೈ ಹಿಡಿ

ಆದೋನಿಯಿಂದ ಬಳ್ಳಾರಿಗೆ ಬಂದಾಗ
ಟ್ರಂಕಿನಲ್ಲಿ ನಾಲ್ಕು ಸೀರೆ, ಒಂದು ಕತ್ತರಿ,
ಬಾಯಲ್ಲಿ ಬರೀ ತೆಲುಗು.
ಕೌಲ್ ಬಜಾರಿನ ಓಣಿಗೆ ಅಷ್ಟು ಸಾಕಿತ್ತು:
ಸೊಪ್ಪಿನವಳಿಗೆ, ಗಿರಣಿಯವನಿಗೆ, ಗಂಡನಿಗೂ.
ಸಾಲದೆ ಹೋದದ್ದು ಒಲೆಯ ಮುಂದೆ.

ಬಂದ ಮೂರನೇ ದಿನ.
ಮಂಡಕ್ಕಿ ಒಗ್ಗರಣೆಗೆಂದು ಎಣ್ಣೆ ಡಬ್ಬಿ ಬಗ್ಗಿಸಿದ್ದೇ ತಡ
ಹಿಂದಿನಿಂದ ಅತ್ತೆಯ ದನಿ:
"ಏ, ಕೈ ಹಿಡಿಯಮ್ಮಾ, ಕೈ ಹಿಡಿ!"
ಆ ಎರಡು ಶಬ್ದ ಗೊತ್ತಿತ್ತು ನನಗೆ.
ಮದುವೆ ಚಪ್ಪರದಲ್ಲಿ ಸ್ವಾಮಿಗಳು ಅದನ್ನೇ ಅಂದಿದ್ದರು.
ಡಬ್ಬಿ ಕೆಳಗಿಟ್ಟೆ. ತಿರುಗಿ
ಎರಡೂ ಕೈಯಲ್ಲಿ ಅವಳ ಕೈ ಹಿಡಿದೆ.

ಹುಲಿಗೆಮ್ಮ ನನ್ನ ಮುಖ ನೋಡಿದಳು,
ಡಬ್ಬಿ ನೋಡಿದಳು,
ಸಾಸಿವೆ ಸೀದು ಹೊಗೆ ಏಳುವ ತನಕ ನಕ್ಕಳು.
ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.

ಕಲಿತೆ ಆಮೇಲೆ.
ಎಣ್ಣೆಗೆ ಕೈ ಹಿಡಿಯುವುದೆಂದರೆ
ಡಬ್ಬಿಯ ಬಾಯಿಗೆ ಹೆಬ್ಬೆರಳು ಅಡ್ಡ ಕೊಡುವುದು.
ಸಕ್ಕರೆಗೆ, ಚಮಚೆಯ ಮೇಲಿನ ಗುಡ್ಡವನ್ನು
ಬೆರಳಲ್ಲಿ ಸವರಿ ಬಯಲು ಮಾಡುವುದು.
ನಳ ಬರುವುದು ಎಂಟು ದಿನಕ್ಕೊಮ್ಮೆ, ಹಾಗಾಗಿ
ಅಕ್ಕಿ ತೊಳೆದ ನೀರು ಕಾಯಿಪಲ್ಯಕ್ಕೆ,
ಅದು ತುಳಸಿಗೆ, ತುಳಸಿ ಕುಡಿದು ಬಿಟ್ಟದ್ದು ಇರುವೆಗೆ.
ಬಂದವರಿಗೆ ಬಡಿಸುವಾಗ ಮಾತ್ರ
ಆ ಮಾತು ಅವಳ ಬಾಯಲ್ಲಿ ಬರಲಿಲ್ಲ.
"ಅಲ್ಲಿ ಕೈ ಹಿಡಿದರೆ ಬೇರೆ ಹೆಸರು.
ನಿಮ್ಮ ಕಡೆ ಏನಂತಾರೆ?"
"ಪಿಸಿನಾರಿ."
"ಹ್ಞಾ, ಅದೇ. ನಾವೂ ಅದನ್ನೇ ಅಂತೀವಿ."

ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ರಸೂಲ್ ಮಾಸ್ತರು
ಸುಣ್ಣದ ಚೂರು ಹಿಡಿದು
"ಹಾತ್ ಸಂಭಾಲ್ಕೆ" ಅನ್ನುತ್ತಿದ್ದರು. ಅದೂ ಇದೇ ಮಾತು.
ಒಂದು ಪ್ಯಾಂಟಿನ ಕಾಲಿನ ಪಕ್ಕ
ಇನ್ನೊಂದರ ಜೇಬು ಮಲಗಿಸಿ,
ಮಗುವಿಗೆ ಜಾಗ ಮಾಡಿದ ಹಾಗೆ,
ಬೆರಳಗಲ ಬಟ್ಟೆ ಉಳಿಸುವರು.
ಮಾಲೀಕನದು ಬೇರೆ ವ್ಯಾಕರಣ.
ಶನಿವಾರ ಕವರು ಕೊಡುತ್ತಾ
"ಮಾಲು ಹೋಗಿಲ್ಲ, ಇನ್ನೂರು ಹಿಡಿದೀನಿ" ಅಂದ.
ಕೈ ಎಂಬುದನ್ನು ನುಂಗಿಬಿಟ್ಟಿದ್ದ.
ಹಿಡಿದದ್ದು ಯಾರ ಕೈ ಎಂದು
ಮೂವತ್ತು ಮಷೀನುಗಳಲ್ಲಿ ಒಂದೂ ಕೇಳಲಿಲ್ಲ.
ಆ ವಾರ ಮನೆಯಲ್ಲಿ ಹುಲಿಗೆಮ್ಮ ಏನೂ ಹೇಳಬೇಕಾಗಲಿಲ್ಲ.
ಹೆಬ್ಬೆರಳು ತಾನೇ ಡಬ್ಬಿಯ ಬಾಯಿಗೆ ಹೋಯಿತು.

ಮಗ ಐದನೇ ಕ್ಲಾಸಿನಲ್ಲಿದ್ದಾಗ
'ಮಿತವ್ಯಯ' ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಬೇಕಿತ್ತು.
ಬರೆದ: ನಮ್ಮ ಅಜ್ಜಿ ಎಣ್ಣೆಯನ್ನು ಮಿತವ್ಯಯ ಹಿಡಿಯುತ್ತಾಳೆ.
ಉದ್ದಕ್ಕೂ ಕೆಂಪು ಗೆರೆ.
ಅಜ್ಜಿ ಆ ಪದವನ್ನು ಎರಡೆರಡು ಸಲ ಹೇಳಿಸಿಕೊಂಡು
"ಯಾರ ಮನೆ ಹೆಸರು ಅದು?" ಅಂದಳು.
ಉಳಿತಾಯ ಅನ್ನುವುದೂ ಇತ್ತು ನಮ್ಮಲ್ಲಿ,
ಅಂಚೆ ಕಚೇರಿಯ ಪುಸ್ತಕದ ರಟ್ಟಿನ ಮೇಲೆ, ದಪ್ಪ ಅಕ್ಷರದಲ್ಲಿ.
ಒಳಗೆ ನಾಲ್ಕು ನೂರಾ ಹನ್ನೆರಡು ರೂಪಾಯಿ.

ಈ ಏಪ್ರಿಲ್‌ನಲ್ಲಿ ಆಸ್ಪತ್ರೆಯ ಮಂಚ.
ಸಲೈನ್ ಹನಿ, ಮತ್ತೆ ತಡೆದು ಒಂದು ಹನಿ.
ಅದನ್ನೇ ನೋಡುತ್ತಾ ಮಲಗಿದ್ದವಳು
"ನನಗಿಂತ ಕೈ ಹಿಡಿದು ಹಾಕ್ತೈತೆ ನೋಡು ಇದು" ಅಂದಳು.
ಪಕ್ಕದ ಮಂಚದವರೂ ನಕ್ಕರು.

ಮೂರನೇ ದಿನ ಮಾತು ಕಡಿಮೆಯಾಯಿತು.
ಕಿಟಕಿಯಾಚೆ ತಳ್ಳುಗಾಡಿ.
ಎಳನೀರಿಗೆ ಅರವತ್ತು ಅಂದ ಅವನು.
ನಾನು ಸೆರಗಿನ ಗಂಟಿಗೆ ಬೆರಳು ಹಾಕಿದೆ.
ಮುಚ್ಚಿದ ಕಣ್ಣು ತೆರೆಯದೆಯೇ ಅವಳು:
"ಕೈ ಹಿಡಿಯಮ್ಮಾ."

ಹತ್ತೊಂಬತ್ತು ವರ್ಷದ ಕನ್ನಡ ನನ್ನದು.
ಅದರಲ್ಲೇ ಚೌಕಾಸಿ, ಅದರಲ್ಲೇ ಜಗಳ,
ಈಚೆಗೆ ಕನಸು ಕೂಡ.
ಆದರೂ ಆ ಗಳಿಗೆ
ಒಂದಕ್ಷರ ಬಾರದವಳ ಹಾಗೆ ತಿರುಗಿ
ಎರಡೂ ಕೈಯಲ್ಲಿ ಅವಳ ಕೈ ಹಿಡಿದೆ,
ಸೂಜಿ ಚುಚ್ಚದ ಕೈ, ಹೆಬ್ಬೆರಳಿನ ತುದಿ ಇನ್ನೂ ನುಣುಪು.
ಅವಳ ತುಟಿಯ ಕೊನೆ ಒಂದಿಷ್ಟು ಅಲುಗಿತು.
ಗೊತ್ತಾಗಿತ್ತು ಅವಳಿಗೆ.

ಕೈ ಬಿಡದೆ, ಕಿಟಕಿಯವನಿಗೆ
ಹುಬ್ಬಿನಲ್ಲೇ ಹೇಳಿದೆ:
ಕೊಚ್ಚು. ದೊಡ್ಡದು ನೋಡಿ ಕೊಚ್ಚು.